ಒಂದಕ್ಕಿಪ್ಪತ್ತರ ಚಂದ್ರ

ನಮ್ಮ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಈಗ ಊಟ ಹಾಕುವುದಿಲ್ಲ. ಅದು 69.37 ಡಿಗ್ರಿ ದಕ್ಷಿಣ ಅಕ್ಷಾಂಶ, 32.32 ಡಿಗ್ರಿ ಪೂರ್ವ ರೇಖಾಂಶ. ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಶಿವಶಕ್ತಿ ತಾಣ. ಹೋದವರು ಅಭ್ಯಾಸಬಲದಿಂದ ಕೈಚೀಲವನ್ನೋ ಗಾಡಿ ಕೀಲಿಯನ್ನೋ ಅದರ ಮೇಲೆ ಇಟ್ಟರೆ ಒಳಗಿನಿಂದ ಭಾವನವರ ಕೂಗು ಕೇಳಿಸುತ್ತದೆ: "ಅಯ್ಯಯ್ಯೋ, ಕುಳಿ! ಕುಳಿ ಮುಚ್ಚಿಹೋಗತ್ತೆ!" ಊಟ ಏನಿದ್ದರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಟಿವಿ ಮುಂದೆ. ಅಕ್ಕ ಮೊದಮೊದಲು ಗೊಣಗಿದಳು, ಆಮೇಲೆ ಜಗಳವಾಡಿದಳು, ಈಗ ಬಂದವರಿಗೆ ತಾನೇ ಪರಿಚಯ ಮಾಡಿಕೊಡುತ್ತಾಳೆ: "ಇದು ವಿಕ್ರಮ್, ಅದು ಪ್ರಜ್ಞಾನ್, ಆ ಮೂಲೇಲಿ ಕತ್ತರಿ ಹಿಡಕೊಂಡು ಕೂತಿರೋದು ನಮ್ಮೆಜಮಾನ್ರು. ಮೂರಕ್ಕೂ ಈಗ ಡ್ಯೂಟಿ ಇಲ್ಲ."

ಭಾವ ಬ್ಯಾಂಕಿನಿಂದ ನಿವೃತ್ತರಾದವರು. ನಿವೃತ್ತರಾದ ಮೇಲೆ ಕೆಲವರು ಬೆಳಗಿನ ವಾಕಿಂಗ್ ಗುಂಪು ಸೇರಿ ದೇಶ ಸರಿಮಾಡುತ್ತಾರೆ, ಕೆಲವರು ಅಪಾರ್ಟ್‌ಮೆಂಟ್ ಸಂಘ ಸೇರಿ ನೆಮ್ಮದಿಯಾಗಿದ್ದ ನೆರೆಹೊರೆ ಕೆಡಿಸುತ್ತಾರೆ. ಇವರು ಕಾಗದ ಹಿಡಿದರು. ಪ್ರಿಂಟ್ ತೆಗೆಯುವುದು, ಕತ್ತರಿಸುವುದು, ಮಡಿಸುವುದು, ಅಂಟಿಸುವುದು. ಅಂಟಿಸಿದ ನೌಕೆಯನ್ನು ಅದು ನಿಜವಾಗಿ ಇದ್ದ ಜಾಗದಲ್ಲಿ, ಇದ್ದ ಗಳಿಗೆಯಲ್ಲಿ ಕೂರಿಸುವುದು. ಡಯೊರಾಮ ಅನ್ನುತ್ತಾರೆ. 1822ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರ್ ಎಂಬಾತ ಈ ಹೆಸರಿನ ಪ್ರದರ್ಶನ ಶುರು ಮಾಡಿದ. ದೊಡ್ಡ ಪರದೆಯ ಮೇಲೆ ದೃಶ್ಯ ಬರೆದು, ಬೆಳಕನ್ನು ಒಮ್ಮೆ ಹಿಂದಿನಿಂದ ಒಮ್ಮೆ ಮುಂದಿನಿಂದ ಬಿಟ್ಟು, ಕೂತ ಜಾಗದಲ್ಲೇ ಬೆಳಗು ಬೈಗು ತೋರಿಸಿ ಟಿಕೆಟ್ ಮಾರಿದ. ಮುಂದೆ ಫೋಟೋಗ್ರಫಿ ಹುಟ್ಟಿಸಿದವರಲ್ಲೂ ಅವನೊಬ್ಬ. ಭಾವ ಟಿಕೆಟ್ ಮಾರುವುದಿಲ್ಲ. ಆದರೆ ನೋಡಲು ಬಂದವರನ್ನು ಬೇಗ ಬಿಡುವುದೂ ಇಲ್ಲ.

ಇವರ ಲೋಕದ ಅಳತೆ ಒಂದಕ್ಕೆ ಇಪ್ಪತ್ತು. ಜೀವಮಾನವಿಡೀ ಬಡ್ಡಿ ಲೆಕ್ಕ ಹಾಕಿದ ತಲೆ, ಈಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಇಪ್ಪತ್ತರಿಂದ ಭಾಗಿಸುತ್ತದೆ. ವಿಕ್ರಮ್ ಲ್ಯಾಂಡರಿನ ಒಂದು ಬದಿ 2 ಮೀಟರ್. ಮೇಜಿನ ಮೇಲೆ 10 ಸೆಂಟಿಮೀಟರ್. ಪ್ರಜ್ಞಾನ್ ರೋವರಿನ ಉದ್ದ 91.7 ಸೆಂಟಿಮೀಟರ್, ಇಲ್ಲಿ ನಾಲ್ಕೂವರೆ ಚಿಲ್ಲರೆ. ನಿಜವಾದ ಲ್ಯಾಂಡರು ರೋವರನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸುಮಾರು 1,750 ಕಿಲೋ ತೂಗುತ್ತಿತ್ತು. ಇದು ಫ್ಯಾನ್ ಹಾಕಿದರೆ ಹಾರುತ್ತದೆ. ಹಾಗಾಗಿ ಏಪ್ರಿಲ್ ತಿಂಗಳಲ್ಲೂ ಆ ಹಾಲಿನಲ್ಲಿ ಫ್ಯಾನ್ ಹಾಕುವಂತಿಲ್ಲ. ಬೆವರು ಒರೆಸಿಕೊಳ್ಳುತ್ತ ಕೇಳಿದರೆ, "ಚಂದ್ರನ ಮೇಲೆ ಗಾಳಿ ಎಲ್ಲಿಂದ ಬರಬೇಕು?" ಎಂಬ ಉತ್ತರ ಸಿದ್ಧವಿರುತ್ತದೆ. ಪ್ರಜ್ಞಾನ್ ಒಟ್ಟು ಓಡಾಡಿದ್ದು ನೂರು ಮೀಟರ್ ಆಸುಪಾಸು. ಇಪ್ಪತ್ತರಿಂದ ಭಾಗಿಸಿದರೆ ಐದು ಮೀಟರ್. ಮೇಜಿನಿಂದ ಹೊರಟು ಅಡುಗೆಮನೆ ಹೊಸ್ತಿಲು ದಾಟಿ ಸಿಂಕಿನ ತನಕ ಚಕ್ರದ ಗುರುತು ಎಳೆಯುವ ಯೋಜನೆಯೂ ಒಂದಿತ್ತು. ಹೊಸ್ತಿಲಿಗೆ ಬಂದಾಗ ಅಕ್ಕ ಲಟ್ಟಣಿಗೆ ಹಿಡಿದು ನಿಂತಿದ್ದಳು. ಯೋಜನೆಯನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ.

"ಪ್ಲಾಸ್ಟಿಕ್ಕಿನ ರೆಡಿ ಕಿಟ್ ಸಿಗತ್ತಲ್ಲ ಭಾವ, ಯಾಕೀ ಕಾಗದದ ಗೋಳು?" ಅಂತ ನಾನೊಮ್ಮೆ ಕೆಣಕಿದೆ. ಕೆಣಕಬಾರದಿತ್ತು ಅನ್ನಲಾರೆ, ಏಕೆಂದರೆ ಬಂದ ಉತ್ತರ ಚೆನ್ನಾಗಿತ್ತು. ಅಪೋಲೋ ಯಾತ್ರಿಗಳು ಚಂದ್ರನಿಗಿಳಿದ ಲೂನಾರ್ ಮಾಡ್ಯೂಲ್ ಇದೆಯಲ್ಲ, ಅಮೆರಿಕದ ಗ್ರಮ್ಮನ್ ಕಂಪನಿ ಕಟ್ಟಿದ್ದು, ಅದರಲ್ಲಿ ಗಗನಯಾತ್ರಿಗಳು ನಿಂತಿದ್ದ ಗೂಡಿನ ಅಲ್ಯೂಮಿನಿಯಂ ಗೋಡೆ ಕೆಲವು ಕಡೆ 0.3 ಮಿಲಿಮೀಟರ್ ಮಾತ್ರ ದಪ್ಪ. ತೂಕ ಉಳಿಸಲು ಕೊರೆದು ಕೊರೆದು ಅಷ್ಟಕ್ಕೆ ತಂದಿದ್ದರು. ಭಾವ ಬಳಸುವ 250 ಜಿಎಸ್ಎಂ ಕಾರ್ಡ್ ಕಾಗದದ ದಪ್ಪವೂ ಹೆಚ್ಚುಕಮ್ಮಿ ಅಷ್ಟೇ. "ಹಾಗಾದ್ರೆ ಯಾವುದು ನಿಜಕ್ಕೆ ಹತ್ತಿರ? ನಿನ್ನ ಪ್ಲಾಸ್ಟಿಕ್ಕೋ ನನ್ನ ಕಾಗದವೋ?" ನಾನು ಸುಮ್ಮನಾದೆ. ನೌಕೆಗಳಿಗೆ ಸುತ್ತುವ ಆ ಬಂಗಾರದ ಹೊದಿಕೆಯೂ ಬಂಗಾರವಲ್ಲ. ತೆಳ್ಳಗಿನ ಕಂದುಹಳದಿ ಪಾಲಿಮರ್ ಹಾಳೆ, ಹಿಂದೆ ಅಲ್ಯೂಮಿನಿಯಂ ಲೇಪ. ಹಳದಿಯ ಮೂಲಕ ಬೆಳ್ಳಿ ಹೊಳೆದಾಗ ಚಿನ್ನ ಕಾಣುತ್ತದೆ. ಅದು ಸುಕ್ಕುಸುಕ್ಕಾಗಿಯೇ ಇರುತ್ತದೆ. ಆದ್ದರಿಂದ ಮೊಮ್ಮಕ್ಕಳು ಚಾಕೊಲೇಟ್ ತಿಂದು ಎಸೆದ ಚಿನ್ನದ ಹಾಳೆಯನ್ನು ಈ ಮನೆಯಲ್ಲಿ ಕಸದ ಬುಟ್ಟಿಗೆ ಹಾಕುವಂತಿಲ್ಲ. ಇಸ್ತ್ರಿ ಮಾಡಿದ ಹಾಗೆ ನುಣ್ಣಗೆ ಹೊದಿಸಿದ ಮಾದರಿ ಕಂಡರೆ ಭಾವ, "ಪೇಂಟ್ ಹೊಡೆದ ಟ್ರಂಕು" ಅಂತ ಮುಖ ತಿರುಗಿಸುತ್ತಾರೆ.

ಈ ಹುಚ್ಚಿಗೆ ಜೊತೆಗಾರರು ಜಗತ್ತಿನ ತುಂಬ ಇದ್ದಾರೆ. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಬೇರೆ ಆಟಿಕೆಗೆ ಗತಿಯಿಲ್ಲದಾಗ ಮೈಕ್ರೊಮಾಡೆಲ್ಸ್ ಎಂಬ ಪುಟಾಣಿ ಕಾರ್ಡ್ ಮಾದರಿಗಳು ಬಂದವು. ಪೋಲೆಂಡಿನಲ್ಲಿ 1957ರಲ್ಲಿ, ಅಂದರೆ ಸ್ಪುಟ್ನಿಕ್ ಹಾರಿದ ವರ್ಷವೇ, ಕತ್ತರಿಸಿ ಅಂಟಿಸುವ ಮಾದರಿಗಳಿಗೆಂದೇ ಒಂದು ಮಾಸಪತ್ರಿಕೆ ಹುಟ್ಟಿತು. ನಾಸಾ ತನ್ನ ನೌಕೆಗಳ ಕಾಗದದ ನಕ್ಷೆಗಳನ್ನು ಬಿಟ್ಟಿಯಾಗಿ ಕೊಡುತ್ತದೆ, ಜಪಾನಿನ ಜಾಕ್ಸಾ ತನ್ನ ಹಯಬುಸಾ ನೌಕೆಯದನ್ನು ಕೊಡುತ್ತದೆ. ಬಿಟ್ಟಿ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂದುಕೊಳ್ಳಬೇಡಿ. ಪ್ರಿಂಟರ್ ಶಾಯಿಯ ಬೆಲೆ ಕೇಳಿದರೆ ನಿಜವಾದ ರಾಕೆಟ್ಟೇ ಅಗ್ಗ ಅನ್ನಿಸೀತು.

ಹಾಗಂತ ಕೆಲಸ ಸಲೀಸೂ ಅಲ್ಲ. ಪ್ರಿಂಟ್ ಹೊಡೆಯುವಾಗ ನೂರಕ್ಕೆ ನೂರು ಅಳತೆಯಲ್ಲೇ ಹೊಡೆಯಬೇಕು. ಪುಟಕ್ಕೆ ಹೊಂದಿಸು ಎಂಬ ಗುಂಡಿ ಒತ್ತಿದಿರೋ, ಕಾಲು ಒಂದಳತೆ, ದೇಹ ಒಂದಳತೆ. ಮಡಿಸುವ ಗೆರೆಯ ಮೇಲೆ ಮೊದಲು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೀರಬೇಕು, ಇಲ್ಲದಿದ್ದರೆ ಮಡಿಕೆ ತನಗೆ ಬೇಕಾದ ಕಡೆ ಬೀಳುತ್ತದೆ. ಕಿಟಕಿಗಳನ್ನು ಕತ್ತರಿಸಿದ ಮೇಲೇ ಹೊರಗಿನ ಅಂಚಿಗೆ ಬ್ಲೇಡು ಹಾಕಬೇಕು. ಕಾಗದಕ್ಕೂ ನಾರಿನ ದಿಕ್ಕಿದೆ. ಆ ದಿಕ್ಕಿಗೆ ಸುರುಳಿ ಸುತ್ತಿದರೆ ಕೊಳವೆಯಾಗುತ್ತದೆ, ಅಡ್ಡ ಸುತ್ತಿದರೆ ಮುರಿಯುತ್ತದೆ. ಬಿಳಿ ಗೋಂದಿನಲ್ಲಿ ನೀರಿದೆ, ಒಂದು ಹನಿ ಹೆಚ್ಚಾದರೆ ಲ್ಯಾಂಡರಿಗೆ ಹೊಟ್ಟೆ ಬರುತ್ತದೆ. ಇಷ್ಟೆಲ್ಲ ಆದ ಮೇಲೂ ಕತ್ತರಿಸಿದ ಅಂಚು ಬೆಳ್ಳಗೆ ಹಲ್ಲು ಕಿರಿದು, ನಾನು ಕಾಗದ, ನಾನು ಕಾಗದ ಅನ್ನುತ್ತಿರುತ್ತದೆ. ಅದಕ್ಕೆ ಹೊಂದುವ ಬಣ್ಣದ ಪೆನ್ಸಿಲ್ಲಿನಲ್ಲಿ ಅಂಚನ್ನು ತೀಡಬೇಕು. ಅಂಚು ತೀಡಿದವರು ಯಾರು, ತೀಡದವರು ಯಾರು ಎಂಬುದರ ಮೇಲೆ ಈ ಜನ ಮನುಷ್ಯಕುಲವನ್ನು ಎರಡು ಜಾತಿ ಮಾಡಿದ್ದಾರೆ. ಭಾವ ತೀಡುವ ಜಾತಿ.

ಮತ್ತೆ ಎಂಜಿನ್ನಿನ ಸಮಾಚಾರ. ಇವರಿಗೆ ಮೊದಲು ಕೈಗೆ ಸಿಕ್ಕ ವಿಕ್ರಮ್ ನಕ್ಷೆಯ ಅಡಿಭಾಗದಲ್ಲಿ ಐದು ಎಂಜಿನ್ ಇದ್ದವು. ಅದು ಚಂದ್ರಯಾನ-2ರದು, 2019ರ ಸೆಪ್ಟೆಂಬರ್‌ನಲ್ಲಿ ಕೊನೆಯ ಹೊತ್ತಿಗೆ ಅಪ್ಪಳಿಸಿದ್ದು. ಚಂದ್ರಯಾನ-3ರಲ್ಲಿ ನಡುವಿನದನ್ನು ತೆಗೆದು ನಾಲ್ಕೇ ಇಟ್ಟರು. ಐದು ಎಂಜಿನ್ನಿನ ವಿಕ್ರಮ್ ಚಂದ್ರನ ಮೇಲೆ ಕಾಲೂರಿ ನಿಂತಿರುವ ದೃಶ್ಯ ಮಾಡಿದರೆ ಅದು ಇತಿಹಾಸಕ್ಕೆ ಬಗೆದ ದ್ರೋಹ! ಲ್ಯಾಂಡರಿನ ಹೊಟ್ಟೆಯಡಿ ಬಗ್ಗಿ ಎಣಿಸುವವರು ಯಾರು ಅಂತ ಕೇಳಬೇಡಿ. ಬಂದವರನ್ನು ಬಗ್ಗಿಸಿ ಎಣಿಸುವಂತೆ ಮಾಡುವವರು ಅಲ್ಲೇ ಕೂತಿದ್ದಾರೆ.

ನೌಕೆ ಕಟ್ಟುವುದು ದೊಡ್ಡ ಮಾತಲ್ಲ, ಬ್ಲೇಡಿಗೆ ಹೆದರದ ಯಾರಾದರೂ ಕಟ್ಟಿಯಾರು. ಕಟ್ಟಿ, ಒಂದು ಕಡ್ಡಿಗೆ ಸಿಕ್ಕಿಸಿ, ಷೋಕೇಸಿನಲ್ಲಿ ಇಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಭಾವ ಅವರನ್ನು ಮೂರ್ತಿಕಾರರು ಅಂತ ಸ್ವಲ್ಪ ಕೀಳಾಗಿ ಕರೆಯುತ್ತಾರೆ. ಇವರ ಶಾಸ್ತ್ರದಲ್ಲಿ ಮೊದಲ ಸೂತ್ರ: "ಮೊದಲು ಗಂಟೆ ಎಷ್ಟು ಹೇಳು, ಆಮೇಲೆ ಗೋಂದು ತೆಗಿ." 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷವೋ? ಹಾಗಾದರೆ ಇಳಿಜಾರು ಹಲಗೆ ಇನ್ನೂ ಮುಚ್ಚಿದೆ, ರೋವರ್ ಒಳಗಿದೆ, ತೋರಿಸುವ ಹಾಗಿಲ್ಲ. ಆಗಸ್ಟ್ 27ರ ದೃಶ್ಯವೋ? ಅವತ್ತು ಪ್ರಜ್ಞಾನ್ ಎದುರಿಗೆ 3 ಮೀಟರ್ ದೂರದಲ್ಲಿ 4 ಮೀಟರ್ ಅಗಲದ ಕುಳಿ ಕಂಡು, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸಾಯಿತು. ಸೆಪ್ಟೆಂಬರ್ 3ರದೋ? ಅವತ್ತು ವಿಕ್ರಮ್ ಎಂಜಿನ್ ಹಚ್ಚಿ 40 ಸೆಂಟಿಮೀಟರ್ ಮೇಲೆದ್ದು ಪಕ್ಕಕ್ಕೆ ಕುಪ್ಪಳಿಸಿತು. ಮೇಜಿನ ಮೇಲೆ ಅದು 2 ಸೆಂಟಿಮೀಟರ್. ಅದಕ್ಕೆ ಮುಂಚೆ ಹಲಗೆ, ಉಪಕರಣ ಎಲ್ಲ ಮಡಿಸಿಟ್ಟಿದ್ದರು, ಹಾಗಾಗಿ ಹಲಗೆ ಚಾಚಿಕೊಂಡೇ ಹಾರುತ್ತಿರುವ ವಿಕ್ರಮ್ ಮಾಡಿದವರಿಗೆ ಮಾಫಿ ಇಲ್ಲ.

ಭಾವ ಆರಿಸಿಕೊಂಡದ್ದು ಆಗಸ್ಟ್ 30, ಬೆಳಿಗ್ಗೆ 11 ಗಂಟೆ. ಪ್ರಜ್ಞಾನ್ ತಿರುಗಿ ನಿಂತು, ತನ್ನನ್ನು ಹೊತ್ತು ತಂದ ವಿಕ್ರಮ್‌ನ ಫೋಟೋ ತೆಗೆದ ಗಳಿಗೆ. ಸುಮಾರು 15 ಮೀಟರ್ ದೂರದಿಂದ ತೆಗೆದದ್ದು. ಇಪ್ಪತ್ತರಿಂದ ಭಾಗಿಸಿ: 75 ಸೆಂಟಿಮೀಟರ್. ಊಟದ ಮೇಜು ಹೋದದ್ದು ಇಲ್ಲೇ! ಲ್ಯಾಂಡರಿಗೆ ಬೇಕಾದ್ದು ಒಂದು ಗೇಣು, ರೋವರಿಗೆ ಎರಡು ಬೆರಳು, ನಡುವೆ ಮುಕ್ಕಾಲು ಮೀಟರ್ ಬರೀ ಬೂದಿ. ನೋಡಿದವರೆಲ್ಲ ಒಂದೇ ಸಲಹೆ ಕೊಡುತ್ತಾರೆ: "ಸ್ವಲ್ಪ ಹತ್ತಿರ ತಳ್ಳಿಬಿಡಿ ಸಾರ್, ಎರಡೂ ಒಂದೇ ಫ್ರೇಮಿನಲ್ಲಿ ಬರ್ತಾವೆ." ತಳ್ಳಿದರೆ ಅಂದವೂ ಹೆಚ್ಚುತ್ತದೆ, ಅಕ್ಕನಿಗೆ ಅರ್ಧ ಮೇಜೂ ಸಿಗುತ್ತದೆ. ನಾನೂ ಒಮ್ಮೆ ಆ ಪಕ್ಷದಲ್ಲೇ ಇದ್ದೆ. ಒಂದು ಸಂಜೆ ರೋವರಿನ ಎತ್ತರಕ್ಕೆ ಕೆನ್ನೆಯನ್ನು ಮೇಜಿಗೆ ಆನಿಸಿ ಆ ಕಡೆ ನೋಡಿದೆ. ಅಷ್ಟು ದೂರದಲ್ಲಿ ವಿಕ್ರಮ್ ಒಂಟಿಯಾಗಿ ನಿಂತಿತ್ತು, ಕಾಲಬುಡದಲ್ಲಿ ಚಾಸ್ಟೆ ಎಂಬ ತಾಪಮಾಪಕದ ಕಡ್ಡಿ ನೆಲಕ್ಕೆ ಚುಚ್ಚಿಕೊಂಡಿತ್ತು, ನಡುವೆ ಏನೇನೂ ಇರಲಿಲ್ಲ. ಆಮೇಲೆ ನಾನು ತಳ್ಳಿ ಅಂದಿಲ್ಲ. ಒಂದು ಮಾತು, ಇದನ್ನು ಭಾವನ ಮುಂದೆ ಹೇಳಿಲ್ಲ. ಹೇಳಿದರೆ ಮುಂದಿನ ಸಲ ಹಾಸಿಗೆಕೋಣೆಯೂ ಹೋಗುತ್ತದೆ.

ಇನ್ನು ನೆಲ. ಚಂದ್ರನ ಮಣ್ಣಿನ ಬಣ್ಣ ಯಾವುದು ಎಂಬುದರ ಮೇಲೆ ಆ ಮನೆಯಲ್ಲಿ ನಡೆದ ವಾಗ್ವಾದ ಯಾವ ವಿಧಾನಸಭೆಗೂ ಕಡಿಮೆಯಲ್ಲ. ಹಾಲಿನಂಥ ಬೆಳದಿಂಗಳು ಅಂತ ನಾವೆಲ್ಲ ನಂಬಿಕೊಂಡು ಬಂದವರು. ಅಸಲಿಗೆ ಆ ನೆಲ ಹಳೇ ಡಾಂಬರು ರಸ್ತೆಯ ಬಣ್ಣದ್ದು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡರಷ್ಟು ವಾಪಸು ಕೊಟ್ಟರೆ ಹೆಚ್ಚು. ಸುತ್ತ ಕಪ್ಪು ಇರುವುದರಿಂದ ಬೆಳ್ಳಗೆ ಕಾಣುತ್ತದೆ, ಅಷ್ಟೇ. ಭಾವ ಸಿಮೆಂಟ್ ತಂದು ನೋಡಿದರು, ಹಸಿರು ಹೊಡೆಯಿತು. ರಂಗೋಲಿ ಪುಡಿಗೆ ಇದ್ದಿಲು ಬೆರೆಸಿದರು, ಕಾಳು ದಪ್ಪವಾಯಿತು. ಒಂದಕ್ಕೆ ಇಪ್ಪತ್ತರಲ್ಲಿ ಒಂದು ಮಿಲಿಮೀಟರ್ ಕಾಳು ಅಂದರೆ ಎರಡು ಸೆಂಟಿಮೀಟರಿನ ಜಲ್ಲಿಕಲ್ಲು. ಕೊನೆಗೆ ಊರಿನಿಂದ ಸೌದೆ ಒಲೆಯ ಬೂದಿ ತರಿಸಿ, ಪಂಚೆಯಲ್ಲಿ ಜರಡಿ ಹಿಡಿದು, ಕಾಡಿಗೆ ಬೆರೆಸಿದರು. ಪಂಚೆಯ ಬಣ್ಣದ ಬಗ್ಗೆ ಅಕ್ಕ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಕ್ಕನ ಬೈಗುಳಕ್ಕೆ ಭಾವ ಕೊಟ್ಟ ಪ್ರತ್ಯುತ್ತರ ಮಾತ್ರ ನನ್ನನ್ನು ಯೋಚನೆಗೆ ಹಚ್ಚಿತು. "ಇಸ್ರೋದವರು ಮಾಡಿದ್ದೂ ಇದನ್ನೇ ಕಣೇ!" ನಿಜ. ರೋವರನ್ನು ಓಡಿಸಿ ನೋಡಲು ಚಂದ್ರನಂಥ ಮಣ್ಣು ಬೇಕಾಗಿತ್ತು. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ ಎಂಬ ಹಳ್ಳಿಯ ಬಳಿ ಅನಾರ್ಥೊಸೈಟ್ ಬಂಡೆ ಇದೆ, ಚಂದ್ರನ ಎತ್ತರದ ಪ್ರದೇಶಗಳ ಕಲ್ಲಿನ ಜಾತಿಯದು. ಅದನ್ನು ಪುಡಿಮಾಡಿ, ಟನ್ನುಗಟ್ಟಲೆ ಬೆಂಗಳೂರಿಗೆ ಸಾಗಿಸಿ, ಒಳಾಂಗಣದಲ್ಲಿ ಹಾಸಿ ಚಂದ್ರನ ನೆಲ ಮಾಡಿದರು. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಕುಳಿಗಳನ್ನು ತೋಡಿ, ಮೇಲೆ ವಿಮಾನ ಹಾರಿಸಿ, ಲ್ಯಾಂಡರಿನ ಕಣ್ಣುಗಳಿಗೆ ಅದು ಗೊತ್ತಾಗುತ್ತದೋ ಇಲ್ಲವೋ ಪರೀಕ್ಷೆ ಮಾಡಿದರು. ಅಮೆರಿಕದವರು ಇನ್ನೂ ಮುಂದೆ. 1967ರಲ್ಲಿ ಅರಿಜೋನಾದ ಫ್ಲಾಗ್‌ಸ್ಟಾಫ್ ಹತ್ತಿರ, ಚಂದ್ರನ ಶಾಂತಸಾಗರದ ಒಂದು ತುಣುಕಿನ ಫೋಟೋ ಎದುರಿಗಿಟ್ಟುಕೊಂಡು, ಫೋಟೋದಲ್ಲಿ ಕುಳಿ ಇದ್ದ ಕಡೆಯೆಲ್ಲ ಸಿಡಿಮದ್ದು ಹೂತು 47 ಕುಳಿ ಹಾರಿಸಿದರು, ಯಾತ್ರಿಗಳು ಓಡಾಡಿ ಕಲಿಯಲಿ ಅಂತ. ಒಂದಕ್ಕೆ ಒಂದರ ಡಯೊರಾಮ! ಭಾವನ ಪುಣ್ಯ, ಅಕ್ಕನಿಗೆ ಸಿಡಿಮದ್ದಿನ ಕತೆ ಪೂರ್ತಿ ಗೊತ್ತಿಲ್ಲ.

ಇಂಥ ನೆಲದ ಮೇಲೆ ಕೆಲವರು ಮಾಡುವ ಒಂದು ಕೆಲಸ ಮಾತ್ರ ನನಗೂ ಸೇರುವುದಿಲ್ಲ. ಪ್ರಜ್ಞಾನ್‌ನ ಹಿಂದಿನ ಚಕ್ರಗಳಲ್ಲಿ ರಾಷ್ಟ್ರಲಾಂಛನವನ್ನೂ ಇಸ್ರೋ ಚಿಹ್ನೆಯನ್ನೂ ಕೊರೆದಿದ್ದರು. ಆ ದಿನಗಳಲ್ಲಿ ವಾಟ್ಸಾಪಿನಲ್ಲಿ ಒಂದು ಚಿತ್ರ ಸುತ್ತಿತು, ಚಂದ್ರನ ಮಣ್ಣಿನ ಮೇಲೆ ಮೂರು ಸಿಂಹ ಅಚ್ಚೊತ್ತಿದ ಹಾಗೆ ನಿಂತಿದ್ದವು. ಯಾರೋ ಕಂಪ್ಯೂಟರಿನಲ್ಲಿ ಮಾಡಿದ್ದು. ನಿಜವಾಗಿ ಮುದ್ರೆ ಅಷ್ಟು ನಿಚ್ಚಳವಾಗಿ ಮೂಡಲಿಲ್ಲ, ಅಲ್ಲಿನ ಮಣ್ಣಿನ ಗುಣ ಅಂದುಕೊಂಡಂತೆ ಇರಲಿಲ್ಲ. ಈಗಲೂ ಶಾಲಾ ಪ್ರದರ್ಶನಗಳಲ್ಲಿ ರಬ್ಬರ್ ಸ್ಟಾಂಪಿನಲ್ಲಿ ಠಪ್ಪನೆ ಒತ್ತಿದ ಸಿಂಹಗಳು ಸಾಲಾಗಿ ನಡೆದುಹೋಗುತ್ತವೆ. ದೇಶಭಕ್ತಿಗೆ ಸ್ಟಾಂಪು ಪ್ಯಾಡು ಬೇಕೇ?

ಬೆಳಕಿನ ವಿಷಯಕ್ಕೆ ಬಂದರೆ ಭಾವ ಪೂರ್ತಿ ಸರ್ವಾಧಿಕಾರಿ. ಟ್ಯೂಬ್‌ಲೈಟ್ ಬಂದ್. ಕಿಟಕಿ ಬಂದ್. ಒಂದೇ ಒಂದು ಎಲ್ಇಡಿ ಟಾರ್ಚು, ಸಾಧ್ಯವಾದಷ್ಟು ದೂರದಲ್ಲಿ. ಎರಡು ದೀಪ ಇಟ್ಟರೆ ಎರಡು ನೆರಳು. ಎರಡು ನೆರಳಿದ್ದರೆ ಎರಡು ಸೂರ್ಯ. ಗಾಳಿಯಿಲ್ಲದ ಕಡೆ ನೆರಳು ಕತ್ತರಿಸಿದ ಹಾಗೆ ಬೀಳಬೇಕು. ಅಷ್ಟು ದಕ್ಷಿಣದ ಅಕ್ಷಾಂಶದಲ್ಲಿ ನಡುಹಗಲಲ್ಲೂ ಸೂರ್ಯ ದಿಗಂತದಿಂದ 20 ಡಿಗ್ರಿಗಿಂತ ಹೆಚ್ಚೇನೂ ಮೇಲೇರುವುದಿಲ್ಲ. 10 ಸೆಂಟಿಮೀಟರ್ ಎತ್ತರದ ವಸ್ತುವಿಗೆ 27 ಸೆಂಟಿಮೀಟರ್ ನೆರಳು. ಹಿಂದೆ ಕಪ್ಪು ವೆಲ್ವೆಟ್. ಅದರಲ್ಲಿ ನಕ್ಷತ್ರ ಇರಕೂಡದು. ಹಲ್ಲುಜ್ಜುವ ಬ್ರಷ್ಷಿಗೆ ಬಿಳಿ ಬಣ್ಣ ಅದ್ದಿ ಚಿಮುಕಿಸಿ ಆಕಾಶಗಂಗೆ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಬಿಸಿಲಿಗೆ ಬೆಳಗುವ ನೆಲವನ್ನು ಹಿಡಿಯಲು ಹೊಂದಿಸಿದ ಕ್ಯಾಮೆರಾಕ್ಕೆ ನಕ್ಷತ್ರ ಸಿಗುವುದಿಲ್ಲ. ಅಪೋಲೋ ಚಿತ್ರಗಳಲ್ಲಿ ನಕ್ಷತ್ರ ಇಲ್ಲ ಎಂಬ ಕಾರಣಕ್ಕೇ, ಯಾರೂ ಹೋಗೇ ಇಲ್ಲ ಅಂತ ಹೇಳುತ್ತಾ ಹೊಟ್ಟೆ ಹೊರೆಯುವವರಿದ್ದಾರೆ.

ಭೂಮಿಯನ್ನು ಮಾತ್ರ ಭಾವ ತುಂಬ ಪ್ರೀತಿಯಿಂದ ಮಾಡಿದ್ದರು. ಚಂದ್ರನಿಂದ ನೋಡಿದರೆ ಭೂಮಿ ಸುಮಾರು 2 ಡಿಗ್ರಿ ಅಗಲ, ಅಂದರೆ ಒಂದು ಮೀಟರ್ ದೂರದಲ್ಲಿ ನಿಂತವರಿಗೆ ಮೂರೂವರೆ ಸೆಂಟಿಮೀಟರ್, ಒಂದು ನಿಂಬೆಹಣ್ಣಿನಷ್ಟು. ಫುಟ್‌ಬಾಲ್ ಗಾತ್ರದ ಭೂಮಿ ತೂಗುಹಾಕುವವರ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿ, ವಾಯವ್ಯ ದಿಕ್ಕಿಗೆ, ಸರಿಯಾದ ಎತ್ತರದಲ್ಲಿ, ನೀಲಿಬಿಳಿ ಬಣ್ಣದ ಪುಟ್ಟ ಭೂಮಿಯನ್ನು ವೆಲ್ವೆಟ್ಟಿಗೆ ಪಿನ್ನು ಹಾಕಿದ್ದರು. ಅದನ್ನು ಕೆಡವಿದ್ದು ಅಕ್ಕ. ಗೋಡೆಯ ಮೇಲಿನ ಹಳೇ ಕ್ಯಾಲೆಂಡರ್ ಮಗುಚಿ ನೋಡಿ, ಸೊಪ್ಪು ಬಿಡಿಸುತ್ತಲೇ ಕೇಳಿದಳು: "ಆಗಸ್ಟ್ 30 ಅಂದ್ರೆ ನೂಲ ಹುಣ್ಣಿಮೆ ಅಲ್ವೇನ್ರೀ ಆ ವರ್ಷ?"

"ಹೌದು, ಅದಕ್ಕೇನೀಗ?"

"ಇಲ್ಲಿಂದ ನೋಡೋರಿಗೆ ಚಂದ್ರ ಹುಣ್ಣಿಮೆ ಅಂದ್ರೆ, ಅಲ್ಲಿಂದ ನೋಡೋರಿಗೆ ಭೂಮಿ ಅಮಾವಾಸ್ಯೆ ತಾನೆ? ನಿಮ್ಮ ಭೂಮಿ ಯಾಕಿಷ್ಟು ಥಳಥಳ ಅಂತಿದೆ?"

ಹಾಲಿನಲ್ಲಿ ಪಿನ್ ಡ್ರಾಪ್ ಮೌನ. ನಿಜವಾಗಿ ಬಿದ್ದದ್ದೂ ಪಿನ್ನೇ, ಭೂಮಿಯ ಸಮೇತ. ಭಾವ ಪಂಚಾಂಗ ನೋಡಿದರು, ಲೆಕ್ಕ ಹಾಕಿದರು, ಕನ್ನಡಕ ಒರೆಸಿದರು. ಆಮೇಲೆ ಹೊಸ ಭೂಮಿ ಬಂತು: ಕಪ್ಪು ವೆಲ್ವೆಟ್ಟಿನ ಮೇಲೆ ಕಪ್ಪು ಬಿಲ್ಲೆ, ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ. ಯಾರಿಗೂ ಕಾಣುವುದಿಲ್ಲ. ತೋರಿಸುವ ಕೆಲಸವನ್ನು ಅಕ್ಕ ವಹಿಸಿಕೊಂಡಿದ್ದಾಳೆ, ಬೆರಳಿಟ್ಟು, ಸೊಕ್ಕಿನಿಂದ.

ಅಷ್ಟಕ್ಕೂ ಡಯೊರಾಮ ನಮಗೇನು ಹೊಸದು? ದಸರೆಯ ಗೊಂಬೆ ಕೂರಿಸುವ ಮನೆಗಳಲ್ಲಿ ಅಜ್ಜಿಯರು ಮಾಡಿದ್ದು ಮತ್ತೇನು? ರಾಗಿ ಮೊಳಕೆ ಬರಿಸಿ ಹೊಲ, ಕನ್ನಡಿ ಒಡ್ಡಿ ಕೆರೆ, ಮರಳು ಹಾಸಿ ರಸ್ತೆ. ಅಳತೆಯ ಗೊಡವೆಯಿಲ್ಲ ಅಷ್ಟೇ: ಆನೆಗಿಂತ ದೊಡ್ಡ ಶೆಟ್ಟಿ, ಬೆಟ್ಟಕ್ಕಿಂತ ದೊಡ್ಡ ಬಾತುಕೋಳಿ, ಎಲ್ಲರೂ ಒಂದೇ ಊರಿನಲ್ಲಿ ತಂಟೆತಕರಾರಿಲ್ಲದೆ ಇರುತ್ತಾರೆ. ಅಕ್ಕ ಪಟ್ಟದ ಗೊಂಬೆಗಳ ಪಕ್ಕ ವಿಕ್ರಮ್ ಇಡುತ್ತೇನೆ ಅಂದಾಗ ಭಾವ, "ರಾಜ ಒಂದು ಗೇಣು, ಲ್ಯಾಂಡರ್ ನಾಲ್ಕು ಬೆರಳು, ಇಪ್ಪತ್ತರಿಂದ ಗುಣಿಸಿದರೆ ರಾಜ ನಾಲ್ಕು ಮೀಟರಿಗೂ ಜಾಸ್ತಿ ಆಗ್ತಾನೆ" ಅಂತ ತಕರಾರು ತೆಗೆದರು. "ರಾಜ ಅಂದ್ಮೇಲೆ ಇರ್ಲಿ ಬಿಡಿ" ಅಂದಳು ಅಕ್ಕ. ಇಟ್ಟರು. ಚಂದ್ರಯಾನದ ವರ್ಷ ಗಣೇಶನ ಪೆಂಡಾಲುಗಳಲ್ಲೂ ಲ್ಯಾಂಡರುಗಳು ಇಳಿದವಲ್ಲ, ಕೆಳಗೆ ಹೊಗೆ ಕಾಣಲಿ ಅಂತ ಹತ್ತಿ ತುರುಕಿ. ಗಾಳಿ ಇಲ್ಲದ ಕಡೆ ಧೂಳು ಮೋಡವಾಗಿ ತೇಲುವುದಿಲ್ಲ, ಎದ್ದ ಕಣ ನೇರ ಹಾರಿ ನೇರ ಬೀಳುತ್ತದೆ ಅಂತ ಭಾವ ಸಮಿತಿಯವರಿಗೆ ವಿವರಿಸಲು ಹೋಗಿ, ಪ್ರಸಾದ ತೆಗೆದುಕೊಂಡು ವಾಪಸಾದರು.

ವಿಕ್ರಮ್‌ಗಿಂತ ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಷೋಕೇಸಿನ ಕೆಳಗಿನ ಅರೆಯಲ್ಲಿದೆ. ಆ್ಯಪಲ್ ಉಪಗ್ರಹ, 1981. ಆಂಟೆನಾ ಪರೀಕ್ಷೆಗೆ ಅದನ್ನು ಬಯಲಿಗೆ ಒಯ್ಯಬೇಕಿತ್ತು. ಕಬ್ಬಿಣದ ಲಾರಿಯಲ್ಲಿಟ್ಟರೆ ಲೋಹ ಸಂಕೇತಗಳನ್ನು ಕೆಡಿಸುತ್ತದೆ ಅಂತ ಇಸ್ರೋದವರು ಮರದ ಎತ್ತಿನ ಗಾಡಿಯ ಮೇಲೆ ಕೂರಿಸಿದರು. ಆ ಫೋಟೋ ಲೋಕಪ್ರಸಿದ್ಧ. ನೋಡಿದ ಕೆಲವು ಪರದೇಶದವರು ಬಡತನ ಅಂದುಕೊಂಡು ನಕ್ಕರು. ಅದು ಬಡತನವಲ್ಲ, ಭೌತಶಾಸ್ತ್ರ. ಭಾವ ಉಪಗ್ರಹವನ್ನು ಬಲು ಬೇಗ ಮುಗಿಸಿದರು. ಪೆಟ್ಟಿಗೆ, ಬಟ್ಟಲು, ನಾಲ್ಕು ಕಡ್ಡಿ. ಗಾಡಿಯ ಚಕ್ರವೂ ಆಯಿತು. ಸೋತದ್ದು ಎತ್ತಿನಲ್ಲಿ. ಕಾಗದಕ್ಕೆ ಮೂಲೆ ಗೊತ್ತು, ಕೊಳವೆ ಗೊತ್ತು. ಎತ್ತಿನ ಇಣಿ ಗೊತ್ತಿಲ್ಲ, ಗಂಗೆದೊಗಲಿನ ಜೋಲು ಗೊತ್ತಿಲ್ಲ. ಮುಖ ಉದ್ದವಾದರೆ ಕುದುರೆ, ಗಿಡ್ಡವಾದರೆ ಹಂದಿ. ನಾಲ್ಕು ಟನ್ ರಾಕೆಟ್ ವಿಜ್ಞಾನ ಅರಗಿಸಿಕೊಂಡ ಮನುಷ್ಯ, ಬಸವನ ಮೂತಿಯ ಮುಂದೆ ಕೈಮುಗಿದು ಕೂತರು. ನೋಡಲು ಬಂದ ಹಾಲಿನವನು, "ಇದ್ಯಾವ ತಳಿ ಸ್ವಾಮಿ?" ಅಂತ ಕೇಳಿದನಂತೆ. ಹಳ್ಳಿಕಾರ್ ಅಂದರೂ ಅವನು ನಂಬಲಿಲ್ಲ.

ಈಗ ಮೇಜಿನ ಇನ್ನೊಂದು ತುದಿಯಲ್ಲಿ ಹೊಸ ಕಾಗದಗಳು ಬಿದ್ದಿವೆ. ಅಪೋಲೋ 12. ಎಲ್ಲರೂ ಹನ್ನೊಂದನ್ನು ಮಾಡುತ್ತಾರೆ, ಹನ್ನೆರಡನ್ನು ಕೇಳುವವರಿಲ್ಲ ಎಂಬುದೇ ಭಾವನಿಗೆ ಸಾಕು. 1969ರ ನವೆಂಬರ್. ಎರಡೂವರೆ ವರ್ಷ ಮುಂಚೆ ಇಳಿದು ಕೂತಿದ್ದ ಸರ್ವೇಯರ್ 3 ಎಂಬ ಯಂತ್ರನೌಕೆಯ ಪಕ್ಕದಲ್ಲೇ, ಇನ್ನೂರು ಮೀಟರಿಗಿಂತ ಕಡಿಮೆ ದೂರದಲ್ಲಿ, ಕಾನ್ರಾಡ್ ಮತ್ತು ಬೀನ್ ಇಳಿದರು. ನಡೆದು ಹೋಗಿ ಅದರ ಕ್ಯಾಮೆರಾ ಬಿಚ್ಚಿಕೊಂಡು ಬಂದರು. ತಮಾಷೆಯ ಯಾತ್ರೆ ಅದು. ಬಾವುಟದ ಅಡ್ಡಕಡ್ಡಿಯ ಕೀಲು ಕೈಕೊಟ್ಟು ಬಾವುಟ ಜೋಲುಬಿತ್ತು, ಆದ್ದರಿಂದ ಡಯೊರಾಮದಲ್ಲೂ ಜೋಲುಬೀಳಬೇಕು. ಬೀನ್ ಟಿವಿ ಕ್ಯಾಮೆರಾವನ್ನು ಸೂರ್ಯನ ಕಡೆ ತಿರುಗಿಸಿ ಸುಟ್ಟುಬಿಟ್ಟರು. ಇವೆಲ್ಲಕ್ಕಿಂತ ಮಿಗಿಲಾದದ್ದು ಟೈಮರ್. ಇಬ್ಬರೂ ಸರ್ವೇಯರ್ ಪಕ್ಕ ಜೊತೆಯಾಗಿ ನಿಂತು ಒಂದು ಫೋಟೋ ತೆಗೆಸಿಕೊಂಡರೆ, ತೆಗೆದವರು ಯಾರು ಅಂತ ಭೂಮಿಯವರು ತಲೆಕೆರೆದುಕೊಳ್ಳಲಿ ಎಂದು ಕ್ಯಾಮೆರಾಕ್ಕೆ ಹಾಕುವ ಟೈಮರ್ ಒಂದನ್ನು ಗುಟ್ಟಾಗಿ ಒಯ್ದಿದ್ದರು. ಬೇಕಾದಾಗ ಅದು ಸಿಗಲಿಲ್ಲ. ಚೀಲದ ತುಂಬ ಕಲ್ಲು, ಕಲ್ಲುಗಳಡಿಯಲ್ಲಿ ಟೈಮರ್. ಮುಂದೆ ಚಿತ್ರಕಾರನಾದ ಬೀನ್, ತೆಗೆಯದ ಆ ಫೋಟೋವನ್ನು ಬಣ್ಣದಲ್ಲಿ ಬರೆದು ಮನಸ್ಸು ಸಮಾಧಾನ ಮಾಡಿಕೊಂಡರು.

ಭಾವ ಮಾಡುತ್ತಿರುವುದು ಫೋಟೋ ತೆಗೆಸಿಕೊಳ್ಳುವ ದೃಶ್ಯವನ್ನಲ್ಲ. ಅದು ನಡೆಯಲೇ ಇಲ್ಲವಲ್ಲ! ಟೈಮರ್ ಸಿಗದೆ ಹುಡುಕುತ್ತಿರುವ ದೃಶ್ಯ. ಅಳತೆ ಒಂದಕ್ಕೆ 48. ಚೀಲ ಅಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅದರೊಳಗೆ ಬೂದಿಬಣ್ಣದ ಕಲ್ಲಿನ ಚೂರು, ಅದರಡಿ ಒಂದು ಮಿಲಿಮೀಟರ್ ಕೂಡ ಇಲ್ಲದ ಕಾಗದದ ಟೈಮರ್, ನಾಲ್ಕೂ ಅಂಚು ತೀಡಿದ್ದು.

"ಚೀಲದ ಬಾಯಿ ಮುಚ್ತೀರಿ, ಒಳಗಿದ್ರೆಷ್ಟು ಬಿಟ್ರೆಷ್ಟು?" ಅಂದಳು ಅಕ್ಕ.

"ಇಲ್ಲದಿದ್ರೆ ಅವರು ಹುಡುಕ್ತಾ ಇರೋದು ಏನನ್ನ?"

ಅಕ್ಕ ಸ್ವಲ್ಪ ಹೊತ್ತು ಆ ಚೀಲವನ್ನೇ ನೋಡಿದಳು. ಒಳಗೆ ಹೋದಳು. ಹುಬ್ಬು ತೀಡುವ ಚಿಮಟ ತಂದು ಮೇಜಿನ ಮೇಲೆ ಕುಕ್ಕಿ, "ಗೋಂದು ಮೆತ್ತಿಸಿ ವಾಪಸ್ ಕೊಟ್ರೆ ನೋಡಿ" ಅಂದಳು.